ಹೆಬ್ಬಾತಿನ ಕಾಲುಂಗುರ

ಹೋದ ಜನವರಿಯಲ್ಲಿ ಬೀಳಗಿ ತಾಲ್ಲೂಕಿನ ಹೆರಕಲ್ ಹತ್ತಿರ, ಆಲಮಟ್ಟಿ ಹಿನ್ನೀರಿನ ದಂಡೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಹೋಗಿದ್ದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಹಗಲೆಲ್ಲ ನೀರಿನ ಅಂಚಲ್ಲಿ ಸುಮ್ನೆ ಕೂತಿದ್ದು, ಕತ್ತಲಾದರೆ ಕಡಲೆ ಹೊಲಕ್ಕೆ ಇಳಿಯುತ್ತವೆ. ರೈತರು ಬೈಯುವುದು ಅದಕ್ಕೇ.

ಬಿಸಿಲೇರಿದ ಮೇಲೆ ಪರಿಚಯದ ಮೀನುಗಾರರೊಬ್ಬರ ಮನೆ ಕಟ್ಟೆ ಮೇಲೆ ಕೂತೆ. ನಾನು ಅವರಿಗೆ ಕಾಕಾ ಅಂತೀನಿ. ಎಲೆಯಡಿಕೆ ಸಂಚಿ ಬಿಚ್ಚಿದಾಗ ಸುಣ್ಣದ ಡಬ್ಬಿ ಜೊತೆ ಏನೋ ಟಣ್ ಅಂತ ಬಿತ್ತು. ಅಲ್ಯೂಮಿನಿಯಂ ರಿಂಗು! ಒಂದು ಕಡೆ ಬಿಚ್ಚಿ ಅಗಲ ಮಾಡಿದ್ದರು, ಅಕ್ಷರಗಳ ಸಂದಿಯಲ್ಲಿ ಸುಣ್ಣ ಕೂತಿತ್ತು. ಉಗುರಿನಿಂದ ಕೆರೆದೆ. ಒಂದು ನಂಬರು, ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ ಅಂತ ಇಂಗ್ಲಿಷಿನಲ್ಲಿ. ಹಕ್ಕಿ ಎಲ್ಲಿಗೆ ಹೋಯಿತು, ಏನಾಯಿತು ಅಂತ ತಿಳಿಯೋಕೆ ಸಂಶೋಧಕರು ಅದರ ಕಾಲಿಗೆ ಹಾಕುವ ರಿಂಗು.

"ತಲಿ ಮ್ಯಾಲ ಎರಡ ಕರಿ ಪಟ್ಟಿ ಇದ್ದ ಹಕ್ಕಿ ತಮ್ಮಾ. ಬಲಿಯಾಗ ಸಿಕ್ಕು ಸತ್ತಿತ್ತು. ಮೂರು ವರ್ಷ ಆತು."

"ಯಾರಿಗೂ ಹೇಳಲಿಲ್ಲ ಯಾಕ್ರಿ ಕಾಕಾ?"

"ಹೇಳಿದ್ರ ಫಾರೆಸ್ಟಿನವರು ಬಂದು ಒಳಗ ಹಾಕ್ತಾರ. ಯಾರಿಗೆ ಬೇಕು ಅದು?"

ತಪ್ಪು ಅನ್ನಲಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಈ ಹಕ್ಕಿ ಹೊಡೆಯುವುದು ಅಪರಾಧ. ಆದರೆ ರಿಂಗಿನ ಲೆಕ್ಕ ನಿಂತಿರುವುದೇ ಜನ ಬಾಯಿಬಿಡುವುದರ ಮೇಲೆ. ಅಮೆರಿಕದಲ್ಲಿ ಬಾತು ಬೇಟೆಗೆ ಲೈಸೆನ್ಸ್ ಕೊಡುತ್ತಾರೆ, ಈ ವರ್ಷ ಎಷ್ಟು ಹೊಡೆಯಲು ಬಿಡಬೇಕು ಅಂತ ನೋಡುವಾಗ ರಿಂಗೂ ಲೆಕ್ಕಕ್ಕೆ ಬರುತ್ತದೆ. ನೂರು ಬಾತಿಗೆ ರಿಂಗು ಹಾಕಿ, ಬೇಟೆಯಾದ ಹತ್ತರ ಸುದ್ದಿ ಬಂತು ಅನ್ನಿ. ಸತ್ತಿದ್ದು ಹತ್ತೇನಾ? ಅಲ್ಲ. 1980ರ ದಶಕದ ಕೊನೆಯಲ್ಲಿ ಅಲ್ಲೂ ಮೂವರಲ್ಲಿ ಒಬ್ಬರೇ ಹೇಳುತ್ತಿದ್ದರಂತೆ, ಹಾಗಾದರೆ ಸತ್ತಿದ್ದು ಮೂವತ್ತು. ಈ ಪಾಲು ತಿಳಿಯೋಕೆ ಕೆಲವು ಹಕ್ಕಿಗಳಿಗೆ ನೂರು ಡಾಲರ್ ಬಹುಮಾನದ ರಿಂಗು ಹಾಕಿದರು. ದುಡ್ಡು ಸಿಗುತ್ತೆ ಅಂದರೆ ಎಲ್ಲರೂ ಹೇಳ್ತಾರಲ್ವಾ, ಅದರ ಜೊತೆ ಮಾಮೂಲಿ ರಿಂಗನ್ನು ಹೋಲಿಸಿದರಾಯಿತು. ಆಮೇಲೆ ಉಚಿತ ಫೋನ್ ನಂಬರು ಕೊಟ್ಟಾಗ ಹೇಳುವವರೂ ಜಾಸ್ತಿಯಾದರು.

ನಮ್ಮಲ್ಲಿ ಬಹುಮಾನದ ಜಾಗದಲ್ಲಿ ಜೈಲಿನ ಭಯ. ಇನ್ನೆಷ್ಟು ಸಂಚಿಯಲ್ಲಿ ಎಷ್ಟು ರಿಂಗುಗಳಿವೆಯೋ.

"ನಂಬರ್ ನಾ ಕಳಸ್ತೀನ್ರಿ, ನಿಮ್ಮ ಹೆಸರು ಹಾಕಂಗಿಲ್ಲ" ಅಂದೆ. ತಲೆಯಾಡಿಸಿದರು. ಮೊಬೈಲಿನಲ್ಲಿ ರಿಂಗಿನ ಫೋಟೋ ತೆಗೆದು ವಿವರ ಬರೆಯತೊಡಗಿದೆ. ಹಕ್ಕಿ ಹೇಗೆ ಸಿಕ್ಕಿತು ಅನ್ನೋದೇ ಮುಖ್ಯ. ಗುಂಡೋ, ಉರುಲೋ, ತಾನಾಗೇ ಸತ್ತಿದ್ದೋ. "ಮೀನಿನ ಬಲೆಯಲ್ಲಿ ಸಿಕ್ಕಿ ಸತ್ತಿತ್ತು" ಅಂತ ಬರೆದೆ.

ಅಷ್ಟರಲ್ಲಿ ಒಳಗಿಂದ ಕಾಕಿಯ ದನಿ ಬಂತು. "ಸತ್ತಿದ್ದಂತ! ಅವತ್ತ ಸಾರಿಗೆ ಖಾರ ಜಾಸ್ತಿ ಆಗೇತಿ ಅಂತ ನನ್ನ ಬೈದಿದ್ದ ಮರತ್ರೇನು?"

ಕಾಕಾ ರಿಂಗನ್ನು ತಗೊಂಡು ಸಂಚಿಗೆ ಹಾಕಿ ದಾರ ಎಳೆದರು. ಬರೆದ ಆ ಸಾಲನ್ನು ನಾನು ಅಳಿಸಿದೆ.