ಫ್ಯಾನಿನ ಸದ್ದೂ ಇರಬೇಕು

ಅಜ್ಜ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರು ಬಿಟ್ಟುಹೋದ ಟ್ರಂಕಿನಲ್ಲಿ 43 ಕ್ಯಾಸೆಟ್‌ಗಳಿದ್ದವು. ಅವುಗಳಲ್ಲಿ 26ನ್ನು ಈ ರಜೆಯಲ್ಲಿ ನನ್ನ ಲ್ಯಾಪ್‌ಟಾಪಿಗೆ ಇಳಿಸಿದ್ದೇನೆ. ಅಜ್ಜ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ರಾತ್ರಿ ಊಟ ಮುಗಿಸಿ ಧಾರವಾಡ ಆಕಾಶವಾಣಿ ಹಚ್ಚಿ, ಹಿಂದುಸ್ತಾನಿ ಸಂಗೀತ ಬಂತೆಂದರೆ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತುತ್ತಿದ್ದರು. ಕೆಲವು ಕ್ಯಾಸೆಟ್‌ಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರ ಗಾಯನವಿದೆ, ಕೆಲವುಗಳಲ್ಲಿ ಗಂಗೂಬಾಯಿ ಹಾನಗಲ್ ಅವರದು. ಇನ್ನು ಕೆಲವುಗಳಲ್ಲಿ ಅಜ್ಜನೇ ಇದ್ದಾರೆ: ವಚನ ಓದುತ್ತಾರೆ, ಅರ್ಥ ಹೇಳುತ್ತಾರೆ, ನಡುವೆ ಕೆಮ್ಮುತ್ತಾರೆ.

ಕಾಲೇಜಿನಲ್ಲಿ ನನ್ನನ್ನು ಜೂನಿಯರ್‌ಗಳು ಆಗಾಗ ಕೇಳುವುದು ಮೂರೇ ಪ್ರಶ್ನೆ. ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು, ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಬೇಕೇ, ಹಾಡುಗಳನ್ನು ಸದ್ದಿನ ಒಂದಿಷ್ಟನ್ನು ಬಿಟ್ಟು ಚಿಕ್ಕದಾಗಿಸುವ ಎಂಪಿ3ಯಲ್ಲಿ ಇಡಬೇಕೋ, ಏನನ್ನೂ ಬಿಡದ ಫ್ಲ್ಯಾಕ್‌ನಲ್ಲೋ. ಮೂರಕ್ಕೂ ನನ್ನ ಉತ್ತರ ಈ ಟ್ರಂಕಿನಿಂದಲೇ ಹುಟ್ಟಿತು.

ಮೊದಲು ಯಂತ್ರದ ಮಾತು. ನನ್ನದು 2013ರ ಮಾದರಿಯ ಲ್ಯಾಪ್‌ಟಾಪ್, ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ತಂದಾಗ 4 ಜಿಬಿ ರ್‍ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್ ಇತ್ತು. ಚಾಲೂ ಮಾಡಿ ಚಹಾ ಕುಡಿದು ಬರುವಷ್ಟು ಹೊತ್ತು ಕಾಯಬೇಕಿತ್ತು. ಎಲ್ಲರೂ ಹೊಸದು ತೆಗೆದುಕೋ ಎಂದರು. ನಾನು ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗವಿಲ್ಲದ, ವೇಗದ 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿದೆ, ರ್‍ಯಾಮ್ ಅನ್ನು 8 ಜಿಬಿಗೆ ಏರಿಸಿದೆ. ಅದರ ಮೇಲೆ ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ಹಾಕಿದೆ. ಈಗ ಗುಂಡಿ ಒತ್ತಿದ ಅರ್ಧ ನಿಮಿಷದೊಳಗೆ ಕೆಲಸಕ್ಕೆ ಸಿದ್ಧ. ಹಳೆಯ ಲ್ಯಾಪ್‌ಟಾಪ್ ನಿಧಾನವಾಯಿತು ಎನ್ನುವವರಿಗೆ ನಾನು ಮೊದಲು ಹೇಳುವುದು ಎಸ್‌ಎಸ್‌ಡಿ ಹಾಕಿಸಿ ಎಂದೇ. ಅದೊಂದರಿಂದ ಆಗುವಷ್ಟು ಬದಲಾವಣೆ ಬೇರೆ ಯಾವುದರಿಂದಲೂ ಆಗುವುದಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದೇ ಬೇಕು. ಹಾಗಾಗಿ ಗಟ್ಟಿಮುಟ್ಟಾಗಿರುವ ಎಷ್ಟೋ ಯಂತ್ರಗಳು ಈಗ ಅಗ್ಗದ ಬೆಲೆಗೆ ಸಿಗುತ್ತಿವೆ. ಅವನ್ನು ಗುಜರಿಗೆ ಹಾಕುವ ಮೊದಲು ಒಂದು ಪೆನ್‌ಡ್ರೈವ್‌ನಲ್ಲಿ ಮಿಂಟ್ ಇಳಿಸಿಕೊಂಡು, ಲ್ಯಾಪ್‌ಟಾಪಿನಲ್ಲಿರುವ ಏನನ್ನೂ ಅಳಿಸದೆ, ಅದರಿಂದಲೇ ಚಾಲೂ ಮಾಡಿ ನೋಡಿ. ವೈಫೈ ಸಿಗುತ್ತದೆಯೇ, ಸದ್ದು ಬರುತ್ತದೆಯೇ, ಪರದೆ ಸರಿಯಿದೆಯೇ ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಆದರೆ ಎಲ್ಲರೂ ಲಿನಕ್ಸಿಗೆ ಬರಲೇಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ನನ್ನ ಅಕ್ಕ ಲೆಕ್ಕಪತ್ರದ ಕೆಲಸ ಮಾಡುತ್ತಾಳೆ, ಅವಳಿಗೆ ಟ್ಯಾಲಿ ಬೇಕು, ಅವಳಿಗೆ ವಿಂಡೋಸೇ ಸರಿ. ನನಗೂ ಮೊದಲ ವಾರ ವೈಫೈ ಡ್ರೈವರ್ ಸಿಗದೆ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿಕೊಂಡು ಇಂಟರ್ನೆಟ್ ಬಳಸಬೇಕಾಯಿತು. ಲಿಬ್ರೆ ಆಫೀಸಿನಲ್ಲಿ ಬರೆದ ಅಸೈನ್‌ಮೆಂಟ್ ಝೆರಾಕ್ಸ್ ಅಂಗಡಿಯ ವರ್ಡ್‌ನಲ್ಲಿ ತೆರೆದರೆ ಪುಟಗಳು ಜರುಗಿಬಿಡುತ್ತವೆ, ಅದಕ್ಕೆ ಪಿಡಿಎಫ್ ಮಾಡಿಯೇ ಒಯ್ಯುತ್ತೇನೆ.

ನನ್ನ ಮನಸ್ಸನ್ನು ನಿಜವಾಗಿ ತಿರುಗಿಸಿದ್ದು ವೇಗವಲ್ಲ, ಅಜ್ಜನ ಸಿಡಿ. ನಿವೃತ್ತಿಯಾದ ಮೇಲೆ ಅವರು ಪಕ್ಕದ ಓಣಿಯ ಡಿಟಿಪಿ ಅಂಗಡಿಯಲ್ಲಿ ತಮ್ಮ ಬಾಲ್ಯದ ನೆನಪುಗಳನ್ನು ಟೈಪ್ ಮಾಡಿಸಿದ್ದರು. ಸುಮಾರು 60 ಪುಟ. ಕ್ಯಾಸೆಟ್‌ಗಳ ಕೆಳಗೆ ಆ ಸಿಡಿ ಸಿಕ್ಕಿತು. ತೆರೆದು ನೋಡಿದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. 'ಕನ್ನಡ' ಎಂಬ ಪದವಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಆಮೇಲೆ ಕ್ಯೂ! ಪುಟದ ತುಂಬ ಹೀಗೆಯೇ. ಅಮ್ಮ ಹಿಂದೆ ನಿಂತು ನೋಡುತ್ತಿದ್ದರು. ಸಿಡಿ ಹಾಳಾಗಿದೆ ಎಂದುಕೊಂಡು ಒಳಗೆ ಹೋದರು.

ಸಿಡಿ ಹಾಳಾಗಿರಲಿಲ್ಲ. ಆ ಕಾಲದ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಅದೇ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಕಾಣುವುದು ಈ ಗೋಜಲು. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಅದರದೇ ಸ್ಥಾನವಿದೆ. ಆದರೂ ನಮ್ಮ ಡಿಟಿಪಿ ಅಂಗಡಿಗಳು ಬಹುಕಾಲ ಹಳೆಯ ದಾರಿಯಲ್ಲೇ ನಡೆದವು.

ಅದನ್ನು ಯೂನಿಕೋಡಿಗೆ ತರಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಪೌಂಡ್ ಚಿಹ್ನೆ ಕಂಡಲ್ಲಿ ನ ಹಾಕು ಎನ್ನುವುದು ಸುಲಭ. ತೊಡಕಾದದ್ದು ಅರ್ಕಾವತ್ತು. 'ಕರ್ನಾಟಕ' ಎಂದು ಬರೆಯುವಾಗ ಕೈ ಹೇಗೆ ಓಡುತ್ತದೋ ಹಳೆಯ ಫೈಲಿನಲ್ಲಿ ಹಾಗೆಯೇ ಇರುತ್ತದೆ: ಮೊದಲು ಕ, ಆಮೇಲೆ ನಾ, ಅದರ ಬಲಕ್ಕೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಬಾಯಿ ನುಡಿದ ಕ್ರಮ: ಕ, ರ, ಹಲಂತ (ಸ್ವರ ತೆಗೆಯುವ ಚಿಹ್ನೆ), ನ, ಕೊನೆಗೆ ದೀರ್ಘ. ಅಂದರೆ ಅರ್ಕಾವತ್ತು ಸಿಕ್ಕಾಗಲೆಲ್ಲ ಹಿಂದಿನ ಇಡೀ ಅಕ್ಷರವನ್ನು ದಾಟಿ ರ್ ಅನ್ನು ಅದರ ಮೊದಲಿಗೆ ತಂದು ಕೂರಿಸಬೇಕು. ಆ ಅಕ್ಷರಕ್ಕೆ ಒತ್ತೂ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಮೂರು ರಾತ್ರಿ ಹಿಡಿಯಿತು. ಮೊದಲ ಪುಟ ಸರಿಯಾಗಿ ಮೂಡಿದಾಗ ಅಮ್ಮನನ್ನು ಕರೆದೆ. ಅವರು ಕುರ್ಚಿ ಎಳೆದುಕೊಂಡು ಕೂತು 60 ಪುಟಗಳನ್ನೂ ಓದಿ ಮುಗಿಸಿಯೇ ಎದ್ದರು.

ಅಂದಿನಿಂದ ಯಾವ ತಂತ್ರಾಂಶ ತೆರೆದರೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ. ಇದರಲ್ಲಿ ಇಟ್ಟದ್ದನ್ನು, ಈ ತಂತ್ರಾಂಶವೇ ಇಲ್ಲದ ದಿನ, ನನ್ನ ಪರಿಚಯವೇ ಇಲ್ಲದ ಒಬ್ಬರು ತೆರೆಯಬಲ್ಲರೇ? ಬರಹಕ್ಕೆ ಯೂನಿಕೋಡ್, ಟೈಪ್ ಮಾಡಲು ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ, ಸಂಗೀತಕ್ಕೆ ಫ್ಲ್ಯಾಕ್ ಎಂದು ನಾನು ನಿಶ್ಚಯಿಸಿದ್ದು ಹೀಗೆ.

ಕ್ಯಾಸೆಟ್ ಇಳಿಸುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಬಹಳ ಮನೆಗಳಲ್ಲಿ ಇಂಥ ಟ್ರಂಕ್‌ಗಳಿವೆ. ಟೇಪ್ ರೆಕಾರ್ಡರಿನ ತಂತಿಯನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ. ಅದು ಮೈಕಿನ ಸಣ್ಣ ಸದ್ದಿಗಾಗಿ ಇರುವುದು, ಸಾಮಾನ್ಯವಾಗಿ ಎಡ ಬಲ ಎರಡನ್ನೂ ಪ್ರತ್ಯೇಕವಾಗಿ ತೆಗೆದುಕೊಳ್ಳುವುದೂ ಇಲ್ಲ. ಲೈನ್ ಇನ್ (ಟೇಪ್ ರೆಕಾರ್ಡರಿನಂಥವುಗಳ ಸದ್ದಿಗಾಗಿಯೇ ಇರುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಕ್ಯಾಸೆಟ್ಟಿನೊಳಗೆ, ಟೇಪಿನಿಂದ ಸದ್ದು ಓದುವ ಭಾಗವಾದ ಹೆಡ್ಡಿದೆಯಲ್ಲ, ಟೇಪನ್ನು ಆ ಹೆಡ್‌ಗೆ ಒತ್ತಿ ಹಿಡಿಯುವ ಒಂದು ಪುಟ್ಟ ಉಣ್ಣೆಯ ಚೂರು ಇರುತ್ತದೆ. ಹಳೆಯ ಕ್ಯಾಸೆಟ್‌ಗಳಲ್ಲಿ ಅದರ ಅಂಟು ಬಿಟ್ಟು ಬಿದ್ದುಹೋಗಿರುತ್ತದೆ, ಆಗ ಸದ್ದು ಗೋಣಿಚೀಲದೊಳಗಿಂದ ಬಂದಂತೆ ಕೇಳುತ್ತದೆ. ಖಾಲಿ ಕ್ಯಾಸೆಟ್ ಒಂದರ ಸ್ಕ್ರೂ ಬಿಚ್ಚಿ ಅದರದನ್ನು ತೆಗೆದು ಇದಕ್ಕೆ ಕೂರಿಸಬಹುದು. ನಾನು ಹಾಗೆ ಐದು ಕ್ಯಾಸೆಟ್‌ಗಳನ್ನು ಉಳಿಸಿಕೊಂಡೆ.

ಇನ್ನೊಂದು ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹೆಡ್‌ನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇದೆ, ಹೆಡ್‌ನ ಓರೆಯನ್ನು ತಿದ್ದುವುದಕ್ಕೆ. ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತದೆ. ಇಷ್ಟು ನಿಧಾನಕ್ಕೆ ಓಡುವ ಟೇಪಿನಲ್ಲಿ ರೆಕಾರ್ಡ್ ಮಾಡಿದ ಹೆಡ್‌ಗೂ ಈಗ ಓದುವ ಹೆಡ್‌ಗೂ ಕೂದಲೆಳೆಯಷ್ಟು ಓರೆಯ ವ್ಯತ್ಯಾಸವಿದ್ದರೂ ಎತ್ತರದ ಸ್ವರಗಳು ಮಂಕಾಗುತ್ತವೆ. ಹೆಡ್‌ಫೋನ್ ಹಾಕಿಕೊಂಡು, ಕ್ಯಾಸೆಟ್ ಓಡುತ್ತಿರುವಾಗಲೇ, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತ ಹೋಗಬೇಕು. ತಂಬೂರಿಯೇ ನನಗೆ ಗುರುತು. ಮೊದಲು ಅದು ಬರಿಯ ಗುಂಯ್ ಎನ್ನುವ ಶ್ರುತಿ. ತಿರುಗಿಸುತ್ತ ಬಂದಂತೆ ಒಂದು ಹಂತದಲ್ಲಿ ತಂತಿಯ ಜವಾರಿ, ಅಂದರೆ ಅದರ ಝೇಂಕಾರ, ಬಿಚ್ಚಿಕೊಳ್ಳುತ್ತದೆ, ಒಂದೇ ತಂತಿಯಿಂದ ನಾಲ್ಕಾರು ಸ್ವರಗಳು ಚಿಮ್ಮಿದಂತೆ. ಅಲ್ಲಿಗೆ ನಿಲ್ಲಿಸಬೇಕು. ಒಂದು ಕೂದಲು ಮುಂದೆ ಹೋದರೂ ಮತ್ತೆ ಮುಚ್ಚಿಕೊಳ್ಳುತ್ತದೆ.

ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಹಾಗೆಯೇ ಇಟ್ಟರೆ ನಿಮಿಷಕ್ಕೆ 17 ಎಂಬಿ, 90 ನಿಮಿಷದ ಕ್ಯಾಸೆಟ್ಟಿಗೆ ಒಂದೂವರೆ ಜಿಬಿ. ಫ್ಲ್ಯಾಕ್ ಮಾಡಿದರೆ ಸುಮಾರು ಒಂದು ಜಿಬಿಗೆ ಇಳಿಯುತ್ತದೆ, ಒಂದು ಬಿಟ್ಟೂ ಕಳೆದುಹೋಗುವುದಿಲ್ಲ. ಕ್ಯಾಸೆಟ್ಟಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಫ್ಲ್ಯಾಕೇ ಬೇಕು ಎನ್ನುವವರು, ಎಂಪಿ3 ಸಾಕು ಎನ್ನುವವರು, ಈ ಜಗಳದಲ್ಲಿ ಇಬ್ಬರೂ ಅರ್ಧ ಸರಿ ಎಂದು ನನ್ನ ಅನುಭವ. ಗೆಳತಿಯೊಬ್ಬಳನ್ನು ಕೂರಿಸಿಕೊಂಡು, ಯಾವುದು ಯಾವುದೆಂದು ನನಗೆ ತಿಳಿಯದಂತೆ, ಒಂದೇ ತುಣುಕನ್ನು ಫ್ಲ್ಯಾಕ್‌ನೊಂದಿಗೆ ಹೋಲಿಸಿ ಕೇಳಿದೆ. ಒಂದೊಂದು ಜೋಡಿಗೂ 20 ಸಲ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3ಯನ್ನು 19 ಸಲ ಗುರುತಿಸಿದೆ, ತಂಬೂರಿ ನೀರಿನಲ್ಲಿ ಮುಳುಗಿ ಏಳುವಂತೆ ಕೇಳುತ್ತದೆ. 320ರ ಎಂಪಿ3ಯಲ್ಲಿ 11 ಸಲ, ಎಂಪಿ3ಯಂತೆಯೇ ಸದ್ದನ್ನು ಚಿಕ್ಕದಾಗಿಸುವ ಓಪಸ್ ಎಂಬ ಇನ್ನೊಂದು ರೂಪದ 128ರಲ್ಲಿ 9 ಸಲ. ಅಂದರೆ ಬರಿಯ ಊಹೆ. ಕೇಳುವುದಕ್ಕೆ ಫ್ಲ್ಯಾಕ್ ಬೇಕಿಲ್ಲ. ಬೇಕಾದದ್ದು ಕಾಪಾಡುವುದಕ್ಕೆ. ಇಂದು ಎಂಪಿ3 ಮಾಡಿಟ್ಟು ನಾಳೆ ಓಪಸ್‌ನಂಥ ಇನ್ನೊಂದು ರೂಪಕ್ಕೆ ಬದಲಿಸಿದರೆ ಪ್ರತಿ ಸಲವೂ ಒಂದಿಷ್ಟು ಸೋರಿಹೋಗುತ್ತದೆ. ಫ್ಲ್ಯಾಕ್‌ನಿಂದ ಎಷ್ಟು ಸಲ ಬೇಕಾದರೂ ಹೊಸದಾಗಿ ತೆಗೆಯಬಹುದು. ಮೂಲ ಧ್ವನಿಯಿಂದ ಲೆಕ್ಕಹಾಕಿದ ಗುರುತುಸಂಖ್ಯೆಯೂ ಫೈಲಿನೊಳಗೇ ಇರುವುದರಿಂದ ಹತ್ತು ವರ್ಷದ ಮೇಲೂ ಅದು ಕೆಟ್ಟಿದೆಯೇ ಇಲ್ಲವೇ ಎಂದು ಒಂದು ಆಜ್ಞೆಯಲ್ಲಿ ಪರೀಕ್ಷಿಸಬಹುದು.

ಎಂಪಿ3ಗೆ ನಾನು ಅಗೌರವ ತೋರಿಸುವುದಿಲ್ಲ. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ 20 ರೂಪಾಯಿ ಕೊಟ್ಟು ಮೆಮೊರಿ ಕಾರ್ಡ್ ತುಂಬ ಹಾಡು ಹಾಕಿಸಿಕೊಂಡು ಬಂದ ಚಿಕ್ಕಪ್ಪನಿಗೆ ಅದೊಂದು ದೊಡ್ಡ ಹಬ್ಬವೇ ಆಗಿತ್ತು. ಆದರೆ ಅದರ ಪೇಟೆಂಟ್ ಪರವಾನಗಿ 2017ರ ಏಪ್ರಿಲ್‌ವರೆಗೂ ಉಳಿದಿತ್ತು. ಫೆಡೋರಾದಂಥ ಲಿನಕ್ಸ್ ವಿತರಣೆಗಳು ಆ ಕಾರಣಕ್ಕೇ ಬಹುಕಾಲ ಎಂಪಿ3 ನುಡಿಸುವ ತಂತ್ರಾಂಶವನ್ನು ಜೊತೆಗೆ ಕೊಡುತ್ತಿರಲಿಲ್ಲ. 2001ರಲ್ಲಿ ಬಂದ ಫ್ಲ್ಯಾಕ್, 2012ರಲ್ಲಿ ಪ್ರಮಾಣಿತವಾದ ಓಪಸ್ ಎರಡಕ್ಕೂ ಯಾರಿಗೂ ಶುಲ್ಕ ಕೊಡಬೇಕಿಲ್ಲ. ಅಮ್ಮ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಧ್ವನಿಸಂದೇಶ ಕೂಡ ಓಪಸ್ಸೇ. ಮೊಬೈಲಿನಲ್ಲಿ ನಾನು ಕೇಳುವುದೂ ಫ್ಲ್ಯಾಕ್‌ನಿಂದ ತೆಗೆದ ಓಪಸ್ ಪ್ರತಿಗಳನ್ನೇ.

ಹೆಸರು ಬರೆಯುವ ವಿಷಯದಲ್ಲಂತೂ ನನಗೆ ರಾಜಿಯಿಲ್ಲ. ಹಾಡಿನ ವಿವರವನ್ನು ಫೈಲಿನೊಳಗೇ ಬರೆದಿಡುವ ಎಂಪಿ3ಯ ಹಳೆಯ ಐಡಿ3 ಪದ್ಧತಿಯಲ್ಲಿ ಶೀರ್ಷಿಕೆಗೆ ಸಿಗುತ್ತಿದ್ದುದು 30 ಬೈಟ್. ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. 'ಮಲ್ಲಿಕಾರ್ಜುನ' ಎಂಬ ಹೆಸರಿಗೇ 36 ಬೈಟ್ ಆಗುತ್ತದೆ, 'ಮನ್ಸೂರ' ಇನ್ನೂ ಬಂದೇ ಇಲ್ಲ! ಫ್ಲ್ಯಾಕ್‌ನಲ್ಲಿ ಆ ಇಕ್ಕಟ್ಟಿಲ್ಲ. ಗಾಯಕರ ಹೆಸರು, ರಾಗ, ಅಜ್ಜ ಕ್ಯಾಸೆಟ್ಟಿನ ಚೀಟಿಯ ಮೇಲೆ ಬರೆದಿದ್ದ ತಾರೀಖು, 'ಮಳೆ ಬಹಳ, ರೇಡಿಯೊ ಸ್ಪಷ್ಟವಿಲ್ಲ' ಎಂಬ ಅವರ ಟಿಪ್ಪಣಿ, ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಒಂದು ತಪ್ಪನ್ನು ಮಾತ್ರ ನಾನೇ ಮಾಡಿದೆ. ಮೊದಲ ಆರು ಕ್ಯಾಸೆಟ್‌ಗಳಿಗೆ ಆಡಾಸಿಟಿಯ ಸದ್ದು ತೆಗೆಯುವ ಸೌಲಭ್ಯ ಬಳಸಿ, ಹಿನ್ನೆಲೆಯ ಗುಂಯ್‌ಗುಡುವಿಕೆಯನ್ನೆಲ್ಲ ಒರೆಸಿ, ಹಾಗೆ ಒರೆಸಿದ್ದನ್ನಷ್ಟೇ ಉಳಿಸಿಕೊಂಡಿದ್ದೆ. ಅಜ್ಜ ವಚನ ಓದುವ ಭಾಗವನ್ನು ಅಜ್ಜಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಫ್ಯಾನ್ ಎಲ್ಲಿ?" ಎಂದರು. ನನಗೆ ಅರ್ಥವಾಗಲಿಲ್ಲ. ನಡುಮನೆಯಲ್ಲಿ ಆಗ ಒಂದು ಟೇಬಲ್ ಫ್ಯಾನ್ ಇತ್ತಂತೆ. ಒಂದು ಮೂಲೆಗೆ ತಿರುಗಿದಾಗ ಟಕ್ ಎನ್ನುತ್ತಿತ್ತಂತೆ. ಅಜ್ಜ ಓದಲು ಕೂತರೆ ಅಜ್ಜಿ ಅದನ್ನು ಅವರ ಕಡೆಗೆ ತಿರುಗಿಸಿಟ್ಟು ಅಡುಗೆಮನೆಗೆ ಹೋಗುತ್ತಿದ್ದರಂತೆ.

ಮೂಲ ಕ್ಯಾಸೆಟ್ ಹಾಕಿ ಕೇಳಿದೆ. ಟಕ್ ಇತ್ತು, ಎಂಟೊಂಬತ್ತು ಸೆಕೆಂಡಿಗೊಮ್ಮೆ. ಕಸವೆಂದು ನಾನು ಒರೆಸಿದ್ದರಲ್ಲಿ ಅದೂ ಸೇರಿತ್ತು.

ಆ ಆರು ಕ್ಯಾಸೆಟ್‌ಗಳನ್ನು ಈ ವಾರ ಮತ್ತೆ ಮೊದಲಿನಿಂದ ಓಡಿಸುತ್ತಿದ್ದೇನೆ. ಈಗ ಮೂರನೆಯದರ ಬಿ ಬದಿ ಓಡುತ್ತಿದೆ. ಅಜ್ಜಿ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಾರೆ.