ಈ ವಾರದ ಕಸ ನನ್ನದು

ಡಿಸೆಂಬರಿನ ಒಂದು ಬೆಳಗ್ಗೆ ರೂಮಿನ ಬಾಗಿಲು ತೆಗೆದರೆ ಹಿಡಿಕೆಗೆ ಒಂದು ಪುಟ್ಟ ಮರದ ಹಲಗೆ ನೇತುಹಾಕಿತ್ತು. ಮೇಲೆ ‘ಕೇರ್‌ವೋಖೆ’ ಎಂದು ಬರೆದಿತ್ತು. ಕೇರನ್ ಅಂದರೆ ಗುಡಿಸುವುದು, ವೋಖೆ ಅಂದರೆ ವಾರ. ಮೂರು ಸಂಸಾರ ಇರುವ ಮನೆ ಇದು. ಮೆಟ್ಟಿಲು, ಅಂಗಳ, ಮುಂದಿನ ಫುಟ್‌ಪಾತು ಇಷ್ಟನ್ನೂ ವಾರಕ್ಕೊಬ್ಬರಂತೆ ಸರದಿಯಲ್ಲಿ ಗುಡಿಸಬೇಕು. ವಾರ ಮುಗಿದ ಮೇಲೆ ಹಲಗೆಯನ್ನು ಪಕ್ಕದವರ ಬಾಗಿಲಿಗೆ ಹಾಕಿ ಬರಬೇಕು. ಮನೆಮನೆಯ ಗಲೀಜನ್ನು ವಾರವಾರ ಊರಾಚೆ ಸಾಗಿಸಬೇಕು ಅಂತ ಜರ್ಮನಿಯ ಈ ಸ್ಟುಟ್‌ಗಾರ್ಟಿನಲ್ಲಿ 1492ರಲ್ಲೇ ಕಾನೂನು ಮಾಡಿದ್ದರಂತೆ. ಇಲ್ಲಿನವರು ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ.

ಆ ಹಲಗೆ ನೋಡಿ ನನಗೆ ಅಳು ಬಂತು. ಕಸ ಗುಡಿಸಬೇಕಲ್ಲ ಅಂತ ಅಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಈ ಊರಿನಲ್ಲಿ ಯಾರೋ ನನ್ನನ್ನು ಮನೆಯವರ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು.

ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಎರಡೂವರೆ ಎಕರೆ ತೆಂಗಿನ ತೋಟ. ನಮ್ಮ ಮೊದಲನೇ ಬೋರು 250 ಅಡಿಗೆ ನೀರು ಕೊಟ್ಟಿತ್ತು. ನಾಲ್ಕನೇದು 950 ಅಡಿ ಹೋಗಿ ಬರೀ ಧೂಳು ಉಗುಳಿತು. ಬೋರ್ ಲಾರಿ ಹೋದ ಮೇಲೂ ಅಪ್ಪ ಆ ಬಿಳೀ ಪುಡಿಯ ಗುಡ್ಡೆಯ ಪಕ್ಕದಲ್ಲಿ ಕತ್ತಲಾಗುವವರೆಗೂ ಕೂತಿದ್ದರು. ಸಿವಿಲ್ ಎಂಜಿನಿಯರಿಂಗ್ ಮುಗಿಸಿದವಳು ನೀರಿನ ಬಗ್ಗೆಯೇ ಮುಂದೆ ಓದಬೇಕು ಅಂತ ಅಂದುಕೊಂಡದ್ದು ಆ ಸಂಜೆ. ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಜಲಸಂಪನ್ಮೂಲ ಎಂಜಿನಿಯರಿಂಗಿಗೆ ಇಂಗ್ಲಿಷಿನಲ್ಲೇ ಒಂದು ಮಾಸ್ಟರ್ಸ್ ಇದೆ. 2024ರ ಅಕ್ಟೋಬರಿನಲ್ಲಿ ಬಂದು ಸೇರಿದೆ.

ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ನಂಬಿ ಬರುವವರಿಗೆ ಒಂದು ಮಾತು. ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದು ನಿಜ. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತದೆ. ಅದಲ್ಲದೆ ವೀಸಾ ಸಿಗಬೇಕಾದರೆ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕಿತ್ತು. ಆ ದುಡ್ಡು ನಮಗೆ ವಾಪಸ್ ಸಿಗುವುದು ತಿಂಗಳಿಗೆ 992ರಂತೆ. ಅಪ್ಪ ಕೊಬ್ಬರಿ ಲೆಕ್ಕದಲ್ಲಿ ಯೋಚಿಸುವವರು. ನಾನು ಹೊರಟ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ‘ಅಂದ್ರೆ ತಿಂಗಳಿಗೆ ಹತ್ತತ್ರ ಎಂಟು ಕ್ವಿಂಟಲ್ ತಿಂತೀಯ ಕಣವ್ವ’ ಅಂದರು. ಬೈಗುಳವಲ್ಲ, ಲೆಕ್ಕ. ಇಲ್ಲಿ ಒಂದು ಕಾಫಿ ಕುಡಿಯುವಾಗಲೂ ಅಟ್ಟದ ಮೇಲೆ ಒಣಗುತ್ತಿರುವ ಕಾಯಿ ನನ್ನ ಕಣ್ಣ ಮುಂದೆ ಬರುತ್ತದೆ.

ದುಡ್ಡಿಗಿಂತ ಕಷ್ಟವಾದದ್ದು ರೂಮು. ವಿದ್ಯಾರ್ಥಿ ನಿಲಯದ ವೇಟಿಂಗ್ ಲಿಸ್ಟು ಕರಗುವುದೇ ಇಲ್ಲ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸವನ್ನು ನಗರ ಕಚೇರಿಯಲ್ಲಿ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಬೇಕು, ಆ ಕಾಗದ ಇಲ್ಲದೆ ಮುಂದಿನ ಯಾವ ಕೆಲಸವೂ ಸಲೀಸಾಗಿ ಆಗುವುದಿಲ್ಲ. ನಾನು ಆರು ವಾರ ಸೀನಿಯರ್ ಅಕ್ಕ ಒಬ್ಬರ ರೂಮಿನ ನೆಲದ ಮೇಲೆ ಮಲಗಿದೆ. ಆನ್‌ಲೈನಿನಲ್ಲಿ ಸಿಕ್ಕ ಒಬ್ಬ, ಎರಡು ತಿಂಗಳ ಅಡ್ವಾನ್ಸ್ ಕಳಿಸಿದರೆ ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ ಎಂದ. ಮೊತ್ತ ಟೈಪ್ ಮಾಡಿಯೂ ಆಗಿತ್ತು. ಆ ಅಕ್ಕ ಕೈಯಿಂದ ಫೋನು ಕಿತ್ತುಕೊಂಡರು. ಇದನ್ನು ಓದುತ್ತಿರುವ ನೀವು ಬರುವ ತಯಾರಿಯಲ್ಲಿದ್ದರೆ, ದಯವಿಟ್ಟು ಕಣ್ಣಾರೆ ನೋಡದ ಮನೆಗೆ ಒಂದು ಪೈಸೆಯನ್ನೂ ಕಳಿಸಬೇಡಿ.

ಕೊನೆಗೆ ಕ್ಯಾಂಪಸ್ಸಿನ ನೋಟೀಸ್ ಬೋರ್ಡಿನಲ್ಲಿ ಕೈಬರಹದ ಒಂದು ಚೀಟಿ ಸಿಕ್ಕಿತು. ಕ್ಯಾಂಪಸ್ ಇರುವ ಫೈಯಿಂಗನ್ ಬಡಾವಣೆಯಲ್ಲೇ ಮನೆ. ಒಡತಿಗೆ 76 ವರ್ಷ.

ಬೆಂಗಳೂರಿನಲ್ಲಿ ಎ2, ಅಂದರೆ ಎರಡನೇ ಹಂತದ ಜರ್ಮನ್ ಮುಗಿಸಿಕೊಂಡು ಬಂದಿದ್ದೆ. ಅವರ ಮಾತಿನಲ್ಲಿ ಒಂದು ವಾಕ್ಯವೂ ನನಗೆ ಹತ್ತಲಿಲ್ಲ. ‘ಇಷ್ ಹಾಬೆ’ ಎಂದು ಕಲಿತದ್ದನ್ನು ಅವರು ‘ಇ ಹನ್’ ಅನ್ನುತ್ತಾರೆ. ‘ನಿಷ್ಟ್’ ಅವರ ಬಾಯಲ್ಲಿ ‘ನೆಟ್’. ಚಿಕ್ಕದಕ್ಕೆಲ್ಲ ಕೊನೆಯಲ್ಲಿ ಒಂದು ‘ಲೆ’: ಮನೆ ‘ಹೊಯ್ಸ್‌ಲೆ’, ಹುಡುಗಿ ‘ಮೇಡ್ಲೆ’. ಇದು ಶ್ವಾಬಿಷ್, ಈ ಸೀಮೆಯ ಆಡುಮಾತು. ಪುಸ್ತಕದ ಕನ್ನಡ ಕಲಿತವರು ನಮ್ಮೂರ ಸಂತೆಗೆ ಬಂದು ‘ಅದ್ಯಾಕಂಗಂದೀಯ’ ಅನ್ನುವುದನ್ನು ಕೇಳಿಸಿಕೊಂಡರೆ ಹೇಗಿರುತ್ತದೋ ನನ್ನ ಪಾಡು ಹಾಗಿತ್ತು.

ಜನವರಿಯಲ್ಲಿ ಹಲಗೆ ಮತ್ತೆ ನನ್ನ ಬಾಗಿಲಿಗೆ ಬಂತು. ನಮ್ಮನೆಯಲ್ಲಿ ಅಜ್ಜಿ ತೆಂಗಿನ ಕಡ್ಡಿ ಪೊರಕೆಯಲ್ಲಿ ಬಾಗಿಲು ಗುಡಿಸಿ, ನೀರು ಚಿಮುಕಿಸದೆ ಒಳಗೆ ಬರುವವಳಲ್ಲ. ನೀರು ಬೀಳದ ಬಾಗಿಲು ಅವಳಿಗೆ ಗುಡಿಸದ ಬಾಗಿಲೇ. ಶನಿವಾರ ಸಂಜೆ ನಾನೂ ಮುಂದಿನ ಕಲ್ಲಿನ ಮೆಟ್ಟಿಲು ಗುಡಿಸಿ, ಒಂದು ಬಕೆಟ್ ನೀರು ಹಾಕಿ ಚೆನ್ನಾಗಿ ತೊಳೆದು ಮೇಲೆ ಹೋದೆ. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗಿತ್ತು. ಅರ್ಧ ಗಂಟೆಯಲ್ಲಿ ಐದು ಮೆಟ್ಟಿಲೂ ಗಾಜಾಗಿದ್ದವು.

ಬೆಲ್ ಆಯಿತು. ಮನೆಯೊಡತಿ ಕೋಟು ಹಾಕಿಕೊಂಡು ಸಣ್ಣ ಜಲ್ಲಿಯ ಬಕೆಟ್ ಹಿಡಿದು ನಿಂತಿದ್ದರು. ಹೇಳಿದ್ದರಲ್ಲಿ ‘ಅಪಾಯ’ ಅನ್ನುವ ಪದ ಮಾತ್ರ ಗೊತ್ತಾಯಿತು. ನಮ್ಮ ಮೆಟ್ಟಿಲಲ್ಲಿ ಅಂಚೆಯವರು ಜಾರಿ ಬಿದ್ದರೆ ಜವಾಬ್ದಾರಿ ಮನೆಯವರ ಮೇಲೆ ಬರುತ್ತದೆ. ಅದಕ್ಕೇ ಹಿಮ ಬಿದ್ದ ದಿನ ಏಳು ಗಂಟೆಗೆ ಮೊದಲೇ ಎಲ್ಲರೂ ಸಲಿಕೆ ಹಿಡಿದು ಹೊರಗಿರುತ್ತಾರೆ. ಅವರು ಗದರಲಿಲ್ಲ. ಬಕೆಟ್ಟಿನ ಒಂದು ಬದಿ ನಾನು, ಒಂದು ಬದಿ ಅವರು ಹಿಡಿದು ಮೆಟ್ಟಿಲಿಂದ ಮೆಟ್ಟಿಲಿಗೆ ಜಲ್ಲಿ ಚೆಲ್ಲುತ್ತಾ ಹೋದೆವು. ನೀರು ಯಾಕೆ ಹಾಕಿದೆ ಎಂದು ಕೇಳಿದರು. ಅಜ್ಜಿ, ಮನೆ, ಬೆಳಗ್ಗೆ, ಧೂಳು... ನನಗೆ ಗೊತ್ತಿದ್ದ ಜರ್ಮನ್ ಅಷ್ಟೇ. ಅವರಿಗೆ ಅರ್ಥವಾಯಿತು.

ಮಾರನೇ ದಿನ ಭಾನುವಾರ ಊಟಕ್ಕೆ ಕರೆದರು. ಬೇಯಿಸಿದ ಇಡೀ ಮಸೂರಕ್ಕೆ ಸ್ವಲ್ಪ ವಿನೆಗರ್ ಬಿಟ್ಟು, ಷ್ಪೆಟ್ಸ್‌ಲೆ ಎಂಬ ಹಿಟ್ಟಿನ ಎಳೆಗಳ ಜೊತೆ ತಿನ್ನುವುದು. ಅದಕ್ಕೆ ಹಾಕುವ ಸಾಸೇಜನ್ನು ನನಗಾಗಿ ಬಿಟ್ಟಿದ್ದರು. ಮನೆಯಿಂದ ತಂದ ಕೊಬ್ಬರಿ ಬೆಲ್ಲ ನಾನು ಕೊಟ್ಟೆ. ಏನು ಓದುತ್ತಿದ್ದೀ ಎಂದರು, ನೀರು ಅಂದೆ. ಕೂಡಲೇ ಎದ್ದು ನಲ್ಲಿ ತಿರುಗಿಸಿ ಒಂದು ಲೋಟ ಹಿಡಿದು ತಂದಿಟ್ಟರು. ಈ ಊರಿಗೆ ಬೇಕಾದಷ್ಟು ನೀರು ಈ ಊರಲ್ಲಿಲ್ಲ. 1958ರಿಂದ ಬೋಡನ್‌ಸೇ ಸರೋವರದ ನೀರು ಬರುತ್ತಿದೆ. 60 ಮೀಟರ್ ಆಳದಿಂದ ತೆಗೆದು, 300 ಮೀಟರಿಗೂ ಹೆಚ್ಚು ಎತ್ತರದ ಬೆಟ್ಟಕ್ಕೆ ಪಂಪ್ ಮಾಡಿ, ಅಲ್ಲಿಂದ ಕೊಳವೆಯಲ್ಲಿ ಕಳಿಸುತ್ತಾರೆ. ನಾನು ಕ್ಲಾಸಿನಲ್ಲಿ ಕೇಳಿದ್ದನ್ನು ಅವರು ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ಕಂಡಿದ್ದರು. ನಮ್ಮ ಹೇಮಾವತಿ ನಾಲೆಯ ಕಥೆ ಹೇಳಲು ಆವತ್ತು ನನ್ನ ಭಾಷೆ ಸಾಲಲಿಲ್ಲ. ಆ ವಾರವೇ ಮುಂದಿನ ಹಂತದ ಬಿ1 ಕ್ಲಾಸಿಗೆ ಹೆಸರು ಬರೆಸಿದೆ.

ಮಾರ್ಚಿನಲ್ಲಿ ಒಂದು ದಿನ ಅವರು ಕೈ ಚಾಚಿ, ತಮ್ಮ ಮೊದಲ ಹೆಸರು ಹೇಳಿ, ಇನ್ನು ಮೇಲೆ ‘ದು’ ಅನ್ನು ಎಂದರು. ಜರ್ಮನ್ನಿನಲ್ಲಿ ನಮ್ಮ ಹಾಗೇ ‘ಜೀ’ ನೀವು, ‘ದು’ ನೀನು. ದೊಡ್ಡವರೇ ಅನುಮತಿ ಕೊಡಬೇಕು, ಚಿಕ್ಕವರು ತಾವಾಗಿ ಇಳಿಯುವಂತಿಲ್ಲ. ಇಂಗ್ಲಿಷಿನಲ್ಲಿ ಮಾತಾಡಿಕೊಂಡೇ ಇದ್ದಿದ್ದರೆ ಈ ಬಾಗಿಲು ಇದೆಯೆಂಬುದೇ ನನಗೆ ತಿಳಿಯುತ್ತಿರಲಿಲ್ಲ.

ನನ್ನ ನಾಲಿಗೆ ಮಾತ್ರ ಏಳಲಿಲ್ಲ. 76 ವರ್ಷದವರನ್ನು ಏಕವಚನದಲ್ಲಿ ಹೇಗೆ ಮಾತಾಡಿಸುವುದು? ಎರಡು ದಿನ ನೀನೂ ಇಲ್ಲದ, ನೀವೂ ಇಲ್ಲದ ವಾಕ್ಯಗಳನ್ನು ಹುಡುಕಿ ಹುಡುಕಿ ಆಡಿದೆ. ಸಂಬಂಧ ಗೊತ್ತಾಗದ ನೆಂಟರನ್ನು ನಾವು ‘ಊಟ ಆಯ್ತಾ?’ ಎಂದಷ್ಟೇ ಕೇಳುತ್ತೇವಲ್ಲ, ಹಾಗೆ. ಮೂರನೇ ದಿನ ಅವರು ಮೆಟ್ಟಿಲ ಮೇಲೆ ಭಾರದ ಚೀಲ ಎತ್ತಿಕೊಂಡು ಬರುವುದು ಕಂಡು, ‘ಕೊಡು, ನೀನು ಹೊರಬೇಡ’ ಅಂತ ಬಾಯಿಂದ ಬಂದೇಬಿಟ್ಟಿತು. ಕೊಟ್ಟರು. ಹೆಸರು ಹಿಡಿದು ಕರೆಯಲು ಈಗಲೂ ಬಾಯಿ ಬರುವುದಿಲ್ಲ.

ರಾತ್ರಿ ವಿಡಿಯೋ ಕಾಲಿನಲ್ಲಿ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅಷ್ಟು ವಯಸ್ಸಾದವರನ್ನು ನೀನು ಅಂದುಬಿಟ್ಟೆ ಕಣಜ್ಜಿ, ಒಂಥರಾ ಆಗ್ತಿದೆ ಅಂದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆಯೆತ್ತಿದಳು.

‘ನನ್ನ ಏನಂತೀಯ ಮತ್ತೆ?’