ಸಿದ್ಧರಾಮನ ಕೆರೆ, ನನ್ನ ಹರಕೆ

ಸೊಲ್ಲಾಪುರದ ಸಿದ್ಧೇಶ್ವರ ಗುಡಿಗೆ ಹೋದರೆ ಸುತ್ತಲೂ ನೀರು ಕಾಣುತ್ತದೆ. ಊರಿಗೆ ಸೊನ್ನಲಿಗೆ ಅಂತ ಹೆಸರಿದ್ದ ಕಾಲದಲ್ಲಿ, 12ನೇ ಶತಮಾನದಲ್ಲಿ, ಶಿವಯೋಗಿ ಸಿದ್ಧರಾಮ ಜನರನ್ನು ಜೊತೆಗೆ ಕಟ್ಟಿಕೊಂಡು ತೋಡಿಸಿದ ಕೆರೆ ಅದು. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲು ನೋಡಲು ಜನ ಮುಗಿಬೀಳುತ್ತಾರೆ. ನನಗೆ ಮಾತ್ರ ಅಲ್ಲಿ ಕೈ ಮುಗಿಯಬೇಕು ಅನಿಸಿದ್ದು ಕೆರೆಗೆ.

ಕೆರೆಯ ಕೆಲಸ ನಡೆಯುತ್ತಿದ್ದಾಗ ಅಲ್ಲಮಪ್ರಭು ಬಂದ ಕತೆ ಎಷ್ಟೋ ಜನ ಕೇಳಿರುತ್ತೀರಿ. ಸಿದ್ಧರಾಮನನ್ನು ಬರೀ ಮಣ್ಣು ಅಗೆಯುವವ ಅನ್ನುವ ಹಾಗೆ ಹಗುರವಾಗಿ ಕರೆದರಂತೆ. ಕೆಲಸದಲ್ಲಿದ್ದವರು ಸಿಟ್ಟಿಗೆದ್ದು ಕಲ್ಲು ತೂರಿದರಂತೆ. ಅಲ್ಲಮ ಕೆರೆಯನ್ನು ಬೈದರು ಅಂತ ನನಗೆ ಅನಿಸುವುದಿಲ್ಲ. ಇದನ್ನು ಯಾಕೆ ಮಾಡುತ್ತಿದ್ದೀಯ, ಮಾಡುವವನು ಯಾರು ಅಂದುಕೊಂಡಿದ್ದೀಯ ಅನ್ನುವುದು ಅವರ ಪ್ರಶ್ನೆ. ಸಿದ್ಧರಾಮನಂಥವನಿಗೇ ಆ ಪ್ರಶ್ನೆ ತಪ್ಪಲಿಲ್ಲ, ಇನ್ನು ನಮಗೆ ತಪ್ಪುತ್ತದಾ?

ನನ್ನ ಹರಕೆ ಸಣ್ಣದು. ಹೊಲಕ್ಕೆ ಬಿದ್ದ ಮಳೆಯನ್ನು ಓಡಲು ಬಿಡುವುದಿಲ್ಲ ಅಂತ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. 20 ಮಿಲಿಮೀಟರಿನ ಒಂದೇ ಮಳೆಗೆ ಎಕರೆಗೆ 80 ಸಾವಿರ ಲೀಟರ್ ಬಿತ್ತು ಅಂತಾಯಿತು! ಕೇಳದೆ ಬಂದದ್ದು. ಒಂದು ಊದಿನಕಡ್ಡಿಯನ್ನೂ ಹಚ್ಚದೆ ಬಂದದ್ದು.

ಹಿಡಿಯುವುದು ಕಷ್ಟದ ವಿದ್ಯೆಯಲ್ಲ. ಇಳಿಜಾರಿಗೆ ಅಡ್ಡಲಾಗಿ ಬದು, ಬದುವಿನ ಮೇಲ್ಬದಿಗೆ ಕಾಲುವೆ, ತಗ್ಗಿನಲ್ಲಿ ಹೊಂಡ. ನೀರು ಹೊಂಡಕ್ಕೆ ಇಳಿಯುವ ಮೊದಲು ಒಂದು ಹೂಳುಗುಂಡಿ ಇರಲೇಬೇಕು. ಜೋರು ಮಳೆಯಲ್ಲಿ ನಿಂತು ನೋಡಿ. ಕೆಂಪು ನೀರು ಆ ಗುಂಡಿಗೆ ಧುಮುಕಿ ಒಂದು ಸುತ್ತು ತಿರುಗಿ ನಿಧಾನವಾಗುತ್ತದೆ. ಮಣ್ಣು ತಳಕ್ಕೆ ಕೂರುತ್ತದೆ, ಕಸಕಡ್ಡಿ ಅಂಚಿಗೆ ಸೇರುತ್ತದೆ. ತುಸು ತಿಳಿಯಾದದ್ದು ಮುಂದೆ ಹೋಗುತ್ತದೆ. ಇನ್ನು ಕೋಡಿ. ಹೆಚ್ಚಾದ ನೀರಿಗೆ ದಾರಿ ಬಿಡದೆ ಪೂರ್ತಿ ನನಗೇ ಇರಲಿ ಅಂದರೆ ಒಡ್ಡು ಒಡೆಯುತ್ತದೆ. ಇದ್ದದ್ದೂ ಹೋಗುತ್ತದೆ.

ಹಾಗೆ ಹಿಡಿದ ನೀರೂ ನನ್ನದಾಗಿ ಉಳಿಯುವುದಿಲ್ಲ, ಅದೇ ಚೆಂದ. ಇಂಗಿದ್ದು ಗಡಿಕಲ್ಲು ನೋಡಿ ನಿಲ್ಲುತ್ತದಾ? ಕೆಳಗಿನ ಹೊಲದವರ ಬಾವಿಗೆ ಹೋಗುತ್ತದೆ. ಅವರ ಜೊತೆ ನನಗೆ ಮಾತಿದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಕೊಟ್ಟೆ ಅಂತ ನನಗೂ ಗೊತ್ತಾಗದೆ, ತಗೊಂಡೆ ಅಂತ ಅವರಿಗೂ ಗೊತ್ತಾಗದೆ ಆಗುವ ದಾನ ಇದು.

ನಾನು ಯಾಕೆ ಕೊಡುತ್ತೇನೆ ಅಂತ ಕೂತು ಯೋಚಿಸಿದ್ದೇನೆ. ಒಂದು ಕಾರಣ ಋಣ. ನನ್ನ ಓದಿಗೆ ಯಾರೋ ದುಡ್ಡು ಕಟ್ಟಿದ್ದರು. ಯಾರು ಅಂತ ಮನೆಯಲ್ಲಿ ಕೊನೆಗೂ ಹೇಳಲಿಲ್ಲ. ಹಿಂದಿರುಗಿಸೋಣ ಅಂದರೆ ವಿಳಾಸವೇ ಇಲ್ಲ, ಹಾಗಾಗಿ ಸಿಕ್ಕವರಿಗೆ ಕೊಡುವುದು. ಇನ್ನೊಂದು ಕಾರಣ ಭಯ, ಕೊಟ್ಟರೆ ದೇವರು ಕಾಯುತ್ತಾನೆ ಅಂತ. ಮೂರನೆಯದು ಹೆಸರಿನ ಆಸೆ. ಗುಡಿಯ ಫ್ಯಾನಿನ ರೆಕ್ಕೆ ಮೇಲೆ, ಟ್ಯೂಬ್‌ಲೈಟಿನ ಪಟ್ಟಿ ಮೇಲೆ ದಾನಿಗಳ ಹೆಸರು ಬರೆಸುತ್ತಾರಲ್ಲ, ಫ್ಯಾನ್ ತಿರುಗಿದರೆ ಓದಲೂ ಆಗುವುದಿಲ್ಲ. ನಗು ಬರುತ್ತದೆ. ಆದರೂ ಅಲ್ಲಿ ಗೊತ್ತಿದ್ದವರ ಹೆಸರು ಕಂಡರೆ ಒಳಗೆ ಸಣ್ಣಗೆ ಚುರ್ ಅನ್ನುತ್ತದೆ. ಅಲ್ಲಮ ಕೇಳಿದ್ದು ಇದನ್ನೇ ಇರಬೇಕು.

ಮೂರೂ ಕಾರಣ ಒಟ್ಟಿಗೇ ಇವೆ. ಶುದ್ಧವಾದ ಮನಸ್ಸು ಬರಲಿ, ಆಮೇಲೆ ಕೊಡೋಣ ಅಂತ ಕೂತರೆ ಮಳೆಗಾಲ ಮುಗಿದಿರುತ್ತದೆ. ಅದಕ್ಕೇ ಈ ವರ್ಷ ಹರಕೆಯ ದುಡ್ಡನ್ನು ಗುಡಿಯ ಕಲ್ಯಾಣಿಯ ಹೂಳು ತೆಗೆಸಲು ಕೊಟ್ಟೆ. ಹೆಸರಿನ ಕಲ್ಲು ಹಾಕಿಸೋಣ್ವಾ ಅಂತ ಕೇಳಿದರು. ಬೇಡ ಅಂದೆ. ಹಾಗೆ ಅನ್ನಲು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.